ನೊಗ್‌ರಾಜನ ಅರ್ಧ ನಗು

ಟಿನ್ ಫ್ಯಾಕ್ಟರಿ ಹತ್ತಿರ ಗಾಡಿ ನಿಂತರೆ ನಿಂತೇ ಬಿಟ್ಟಿತು. ಕೆ.ಆರ್. ಪುರದ ತೂಗುಸೇತುವೆ ಕಣ್ಣಿಗೆ ಕಾಣುತ್ತಿರುತ್ತದೆ, ಕೈಗೆ ಸಿಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಬೆಳಿಗ್ಗೆ ಹಲಸೂರಿನಿಂದ ಆಟೊದಲ್ಲಿ ಹೊರಟು ಅಲ್ಲೇ ಸಿಕ್ಕಿಕೊಂಡಿದ್ದೆ. ಆಟೊದವರ ರೇಡಿಯೊದಲ್ಲಿ ಫೀವರ್ 104. ನೊಗ್‌ರಾಜ್ ಎಂಬ ಪುಢಾರಿ ಯಾರಿಗೋ ಫೋನ್ ಮಾಡಿ ದಬಾಯಿಸುತ್ತಿದ್ದ. ಆ ಕಡೆಯವರು ಮೊದಲು ‘ಸಾರ್’ ಅಂದರು, ಆಮೇಲೆ ತಡವರಿಸಿದರು, ಆಮೇಲೆ ಮಾತೇ ಇಲ್ಲ. ಆ ಮೌನಕ್ಕೆ ಆಟೊದವರೂ ನಾನೂ ಒಟ್ಟಿಗೇ ನಕ್ಕೆವು.

ನೊಗ್‌ರಾಜ್ ಅಂದರೆ ಹಾಸ್ಯನಟ ದಾನಿಶ್ ಸೇಠ್. ರೇಡಿಯೊದ ಕೀಟಲೆ ಕರೆಗಳಲ್ಲಿ ಹುಟ್ಟಿದ ಈ ಪಾತ್ರ 2018ರ ಜನವರಿಯಲ್ಲಿ ‘ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್’ ಎಂಬ ಸಿನಿಮಾ ಆಯಿತು. 2022ರ ಜನವರಿಯಲ್ಲಿ ಅದೇ ಹೆಸರಿನ ಹತ್ತು ಕಂತುಗಳ ಸರಣಿಯಾಗಿ ವೂಟ್ ಸೆಲೆಕ್ಟ್‌ನಲ್ಲಿ ಬಂತು. ಎರಡಕ್ಕೂ ನಿರ್ದೇಶಕರು ಸಾದ್ ಖಾನ್. ಸರಣಿಯಲ್ಲಿ ಎದುರಾಳಿಯಾಗಿ ಪ್ರಕಾಶ್ ಬೆಳವಾಡಿ ಇದ್ದಾರೆ. ಅವರು ಬಂದಾಗಲೆಲ್ಲ ದೃಶ್ಯಕ್ಕೆ ತೂಕ ಬರುತ್ತದೆ. ಕಥೆಯಲ್ಲಿರುವ ರೆಸಾರ್ಟ್ ರಾಜಕಾರಣವೂ ನಮಗೆ ಗೊತ್ತಿರುವ ಸರಕೇ. ಆದರೂ ಆಟೊದಲ್ಲಿ ಬಂದ ಆ ನಗು ನನಗೆ ಪರದೆಯ ಮುಂದೆ ಬರಲಿಲ್ಲ. ಕಾರಣ ಹುಡುಕುತ್ತಾ ಸರಣಿಯನ್ನು ಎರಡು ಸಲ ನೋಡಿದೆ. ರೇಡಿಯೊದಲ್ಲಿ ನೊಗ್‌ರಾಜನದು ಅರ್ಧ ಪಾತ್ರ, ಇನ್ನರ್ಧ ಫೋನಿನ ಆಚೆ ಇರುವ ಆ ಹೆಸರಿಲ್ಲದ ಮನುಷ್ಯನದು. ಅವನ ಹೆದರಿಕೆ, ಅನುಮಾನ, ಕೊನೆಗೆ ಸಿಡಿಯುವ ಸಿಟ್ಟು ಯಾವುದೂ ಬರೆದುಕೊಟ್ಟದ್ದಲ್ಲ. ಸರಣಿಯಲ್ಲಿ ಎಲ್ಲರಿಗೂ ಸಂಭಾಷಣೆ ಬರೆದಿದೆ. ಆ ಬೆಚ್ಚಿಬಿದ್ದ ಮನುಷ್ಯ ಕಥೆಯಿಂದ ಹೊರಗೆ ಉಳಿದ.

ಕೇಳಿಸಿದ್ದನ್ನು ತೋರಿಸಲು ಹೋಗದೆ ನಗಿಸುವುದು ಹೇಗೆಂದು ಕಲಿಸಿದ ಧಾರಾವಾಹಿ ಒಂದಿದೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1978ರಲ್ಲಿ ಶುರುವಾದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’. ನಷ್ಟದಲ್ಲಿರುವ ಒಂದು ರೇಡಿಯೊ ನಿಲಯದ ಕಥೆ. ಶುರುವಾದ ಕೆಲವೇ ವಾರಗಳಲ್ಲಿ ವಾಹಿನಿ ಅದನ್ನು ನಿಲ್ಲಿಸಿತ್ತು; ಮತ್ತೆ ತಂದು 1982ರವರೆಗೆ ನಡೆಸಿತು. ಅದರ ಹೆಸರು ಉಳಿದದ್ದು 1978ರ ಅಕ್ಟೋಬರ್ 30ರಂದು ಬಂದ ಕಂತಿನಿಂದ. ಹಬ್ಬದ ಪ್ರಚಾರಕ್ಕೆಂದು ನಿಲಯದ ಮ್ಯಾನೇಜರ್ ಹೆಲಿಕಾಪ್ಟರಿನಿಂದ ಜೀವಂತ ಟರ್ಕಿ ಕೋಳಿಗಳನ್ನು ಪೇಟೆಯ ಮೇಲೆ ಬಿಡಿಸುತ್ತಾನೆ. ಅವಕ್ಕೆ ಹಾರಲು ಬಾರದು. ನಮಗೆ ಒಂದು ಕೋಳಿಯೂ ಬೀಳುವುದು ಕಾಣುವುದಿಲ್ಲ. ಕಾಣುವುದು ಮೈಕ್ ಹಿಡಿದ ವರದಿಗಾರ ಲೆಸ್ ನೆಸ್‌ಮನ್‌ನ ಮುಖ, ಕೇಳುವುದು ಅವನ ನಡುಗುವ ದನಿ, ಅತ್ತ ಸ್ಟುಡಿಯೊದಲ್ಲಿ ಕಿವಿಗೊಟ್ಟು ಕಂಗಾಲಾದ ಸಹೋದ್ಯೋಗಿಗಳು. ಟೆಲಿವಿಷನ್ ತನ್ನ ಕಣ್ಣನ್ನು ತಾನೇ ಮುಚ್ಚಿಕೊಂಡು ರೇಡಿಯೊಗೆ ಜಾಗ ಬಿಟ್ಟುಕೊಟ್ಟ ಗಳಿಗೆ ಅದು. ಹಾಸ್ಯ ಧಾರಾವಾಹಿಗಳಲ್ಲಿ ಇದಕ್ಕಿಂತ ಒಳ್ಳೆಯ ಕಂತನ್ನು ನಾನು ನೋಡಿಲ್ಲ.

ಇಂಥದ್ದು ನಮ್ಮಲ್ಲಿ ಆಗಬೇಕು, ಬೆಂಗಳೂರಿನ ಕಂಟೋನ್ಮೆಂಟಿನಲ್ಲೇ ಆಗಬೇಕು ಎಂಬುದು ನನ್ನ ಆಸೆ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ರೇಡಿಯೊ ಸಿಟಿ 2001ರ ಜುಲೈ 3ರಂದು ಮಾತಾಡಲು ಶುರು ಮಾಡಿದ್ದು ಈ ಊರಿನಿಂದ. ಅದಕ್ಕೂ ಮೊದಲು 1955ರಿಂದ ಬೆಂಗಳೂರು ಆಕಾಶವಾಣಿ ಇದೆ. ರಾಜಭವನ ರಸ್ತೆಯ ಆ ಕಟ್ಟಡದಿಂದ ಶಿವಾಜಿನಗರ ನಡೆದು ಹೋಗುವಷ್ಟು ದೂರ. ಶಿವಾಜಿನಗರದ ದಖನಿ, ಹಲಸೂರಿನ ತಮಿಳು, ಇಂದಿರಾನಗರದ ಇಂಗ್ಲಿಷ್, ಕೆ.ಆರ್. ಪುರ ದಾಟುತ್ತಿದ್ದಂತೆ ತೆಲುಗು ಬೆರೆಯುವ ಕೋಲಾರದ ಕಡೆಯ ಕನ್ನಡ. ಫೋನ್ ಮಾಡಿದ ಕೇಳುಗರು ಒಂದು ಮಾತಾಡಿದರೆ ಸಾಕು, ಯಾವ ಬಸ್‌ಸ್ಟಾಪಿನಿಂದ ಎಂದು ಗೊತ್ತಾಗುತ್ತದೆ. ಈ ಬೆರಕೆ ಮಾತಿನ ರುಚಿಯನ್ನು ದಾನಿಶ್ ಬಲ್ಲರು: 2020ರ ‘ಫ್ರೆಂಚ್ ಬಿರಿಯಾನಿ’ಯಲ್ಲಿ ಅವರದು ಶಿವಾಜಿನಗರದ ಆಟೊ ಚಾಲಕ ಅಸ್ಗರನ ಪಾತ್ರ.

ಇನ್ನೊಂದು ಸಂಗತಿ. ನಮ್ಮ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೇ. ಅಂದರೆ ಲೆಸ್ ನೆಸ್‌ಮನ್‌ಗೆ ಇಲ್ಲಿ ಕೆಲಸವೇ ಇಲ್ಲ. ನೊಗ್‌ರಾಜ್ ಹುಟ್ಟಿಕೊಂಡದ್ದು ಈ ಖಾಲಿ ಜಾಗದಲ್ಲಿ ಎಂದು ನನ್ನ ನಂಬಿಕೆ. ಕಿಟಕಿಯಾಚೆ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿದೆ, ಒಳಗೆ ಕೂತ ಆರ್‌ಜೆ ಅದನ್ನು ಸುದ್ದಿಯಾಗಿ ಹೇಳುವಂತಿಲ್ಲ, ಮುಂದಿನ ಹಾಡು ಹಾಕಬೇಕು. ಒಂದು ಸರಣಿಗೆ ಬೇಕಾದ ಬಿಕ್ಕಟ್ಟು ಇಷ್ಟರಲ್ಲೇ ಇದೆ.

ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಆ ನಿಲಯವನ್ನು ಕಟ್ಟಿ. ಫೋನಿನ ಆಚೆಯವರ ಮುಖ ಮಾತ್ರ ತೋರಿಸಬೇಡಿ. ಉಳಿದವರು ಆ ಟರ್ಕಿ ಕೋಳಿಗಳ ಕಂತು ಸಿಕ್ಕರೆ ಮೊದಲು ನೋಡಿ, ಆಮೇಲೆ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿ.