‘ಪರಿಶೀಲಿಸಿ’ ಎಂಬ ಷರಾ

ಶಸ್ತ್ರಾಸ್ತ್ರ ನಿರ್ಬಂಧಗಳ ಚರಿತ್ರೆ ಬರೆಯುವವರು ಒಂದು ಪಠ್ಯಕ್ಕೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ಅದು ದಕ್ಷಿಣ ಆಫ್ರಿಕಾದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1977ರ ನವೆಂಬರ್ 4ರಂದು ಸರ್ವಾನುಮತದಿಂದ ಅಂಗೀಕರಿಸಿದ 418ನೇ ನಿರ್ಣಯ. ಸದಸ್ಯ ರಾಷ್ಟ್ರವೊಂದರ ಮೇಲೆ ಹೇರಿದ ಮೊದಲ ಕಡ್ಡಾಯ ಶಸ್ತ್ರಾಸ್ತ್ರ ನಿರ್ಬಂಧ ಅದು. ಸೊವೆಟೊ ಗೋಲಿಬಾರ್, ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ ಸಾವು, 1963ರ ಐಚ್ಛಿಕ ನಿರ್ಬಂಧದ ಸೋಲು: ಅದರ ಹಿನ್ನೆಲೆಯ ಇವೆಲ್ಲ ಗೊತ್ತಿರುವ ಸಂಗತಿಗಳೇ. 1946ರಲ್ಲೇ ಆ ದೇಶದೊಂದಿಗೆ ವ್ಯಾಪಾರ ಕಡಿದುಕೊಂಡಿದ್ದ ಭಾರತವೂ ಅಂದು ಮಂಡಳಿಯಲ್ಲಿತ್ತು. ಹಾಗಾಗಿ ನಮಗೆ ಇದರ ಮೇಲೆ ಕೊಂಚ ಸ್ವಂತದ ಅಭಿಮಾನ. ಅಭಿಮಾನ ಇರಲಿ, ಪಠ್ಯ ಓದೋಣ.

ವಿಶ್ವಶಾಂತಿಗೆ ಬೆದರಿಕೆ ಯಾವುದು? ನಿರ್ಣಯದ ಮೊದಲ ಅಂಶದ ಪ್ರಕಾರ ವರ್ಣಭೇದ ಅಲ್ಲ. ದಕ್ಷಿಣ ಆಫ್ರಿಕಾ ಆಯುಧ ‘ಪಡೆದುಕೊಳ್ಳುವುದು’. ವರ್ಣಭೇದದ ಮಾತು ಪೀಠಿಕೆಯಲ್ಲೇ ನಿಂತುಬಿಟ್ಟಿದೆ. ಎರಡನೇ ಅಂಶದ ದನಿ ಖಡಕ್: ಆಯುಧ, ಮದ್ದುಗುಂಡು, ಬಿಡಿಭಾಗ, ಹೊಸ ಪರವಾನಗಿ ಎಲ್ಲವನ್ನೂ ಕೂಡಲೇ ನಿಲ್ಲಿಸತಕ್ಕದ್ದು. ಮೂರನೇ ಅಂಶಕ್ಕೆ ಬಂದಾಗ ದನಿ ಇಳಿಯುತ್ತದೆ. ಈಗಾಗಲೇ ಕೊಟ್ಟಿರುವ ಪರವಾನಗಿ, ಮಾಡಿಕೊಂಡಿರುವ ಒಪ್ಪಂದಗಳನ್ನು ರದ್ದುಮಾಡುವ ದೃಷ್ಟಿಯಿಂದ ‘ಪರಿಶೀಲಿಸಿ’ ಎಂದು ಕರೆ ಕೊಡುತ್ತದೆ, ಅಷ್ಟೆ.

ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಬಂದವರಿಗೆ ಈ ಕ್ರಿಯಾಪದವನ್ನು ಬಿಡಿಸಿ ಹೇಳಬೇಕಿಲ್ಲ. ‘ಪರಿಶೀಲಿಸಲಾಗುವುದು’ ಎಂಬ ಷರಾ ಬಿದ್ದ ಕಡತ ಸಾಯುವುದೂ ಇಲ್ಲ, ಏಳುವುದೂ ಇಲ್ಲ. ಇಲ್ಲಿ ಕಡತದೊಳಗೆ ಏನಿತ್ತು ನೋಡಿ: ಫ್ರಾನ್ಸಿನ ಪರವಾನಗಿಯ ಮಿರಾಜ್ ಎಫ್‌1 ಯುದ್ಧವಿಮಾನ, ಅಲ್ಲಿನದೇ ಪ್ಯಾನ್‌ಹಾರ್ಡ್ ಮಾದರಿಯಿಂದ ಹುಟ್ಟಿದ ಎಲಂಡ್ ಕವಚವಾಹನ. ಆಯುಧ ತಯಾರಿಕೆಗೆಂದೇ ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಸ್ಥೆ ಆರ್ಮ್‌ಸ್ಕಾರ್ 1968ರಲ್ಲಿ ಹುಟ್ಟಿತ್ತು. ಅಂಗಡಿಗೆ ಬೀಗ ಹಾಕುವ ಹೊತ್ತಿಗೆ ಗಿರಾಕಿ ಮನೆಯಲ್ಲೇ ಒಲೆ ಹೂಡಿಯಾಗಿತ್ತು. ಆ ಒಲೆಯ ವಿಷಯದಲ್ಲೇ ನಿರ್ಣಯ ಮೆತ್ತಗಾಯಿತು.

ಇಲ್ಲಿಗೆ ‘ನಿರ್ಬಂಧಗಳೆಲ್ಲ ವ್ಯರ್ಥ’ ಎನ್ನುವ ವಿಮರ್ಶಕರು ಚಪ್ಪಾಳೆ ತಟ್ಟುತ್ತಾರೆ. ಅವರ ಜೊತೆಗೂ ನನಗೆ ತಕರಾರಿದೆ. ನಿರ್ಬಂಧವೇ ದಕ್ಷಿಣ ಆಫ್ರಿಕಾವನ್ನು ಸ್ವಾವಲಂಬಿ ಮಾಡಿತು ಎನ್ನುವುದು ಅವರ ವಾದ; ಸಾಕ್ಷಿಗೆ 155 ಮಿಲಿಮೀಟರಿನ ಜಿ5 ಫಿರಂಗಿ. ಆದರೆ ಆ ಫಿರಂಗಿಯ ಬೇರು ಎಲ್ಲಿ? ಫಿರಂಗಿ ತಜ್ಞ ಜೆರಾಲ್ಡ್ ಬುಲ್‌ನ ಕಂಪನಿ ಆಂಟಿಗುವಾ ದ್ವೀಪದ ನೆಪದಲ್ಲಿ ಸಾಗಿಸಿದ ನಳಿಕೆ ಮತ್ತು ಗುಂಡುಗಳಲ್ಲಿ. ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಆತ ಜೈಲಿಗೂ ಹೋದ. ಬೇಲಿ ಹಾರಿ ಬಂದ ಮಾಲನ್ನು ಹಿತ್ತಲಿನ ಬೆಳೆ ಎಂದರೆ ಹೇಗೆ? ಈ ಪಂಡಿತರು ಫಿರಂಗಿ ನೋಡಿದರು, ತಲೆಯೆತ್ತಿ ಆಕಾಶ ನೋಡಲಿಲ್ಲ. ಹೊಸ ಪೀಳಿಗೆಯ ಯುದ್ಧವಿಮಾನ ಮಾರುವವರು ಸಿಗದೆ, 1987-88ರಲ್ಲಿ ದಕ್ಷಿಣ ಅಂಗೋಲಾದ ಯುದ್ಧದಲ್ಲಿ ಹಳೆಯ ಮಿರಾಜ್‌ಗಳು ಮಿಗ್-23ಗಳೆದುರು ತಿಣುಕಬೇಕಾಯಿತು. ‘ನಿಲ್ಲಿಸತಕ್ಕದ್ದು’ ಎಂದ ಕಡೆ ನಿರ್ಬಂಧ ಕಚ್ಚಿತು.

418ಕ್ಕೆ ಸಿಕ್ಕ ಹೊಗಳಿಕೆಯ ಒಂದು ಪಾಲಾದರೂ 1986ರ ನವೆಂಬರ್ 28ರ 591ನೇ ನಿರ್ಣಯಕ್ಕೆ ಸಲ್ಲಬೇಕಿತ್ತು. ಭಾವುಕತೆಯಿಲ್ಲದ, ಕಿರಾಣಿ ಚೀಟಿಯಂಥ ಬರಹ ಅದು: ವಿಮಾನದ ಎಂಜಿನ್, ಕಂಪ್ಯೂಟರ್, ದೂರಸಂಪರ್ಕ ಉಪಕರಣ, ನಾಲ್ಕೂ ಚಕ್ರಕ್ಕೆ ಎಳೆತವಿರುವ ವಾಹನ, ಮೂರನೇ ದೇಶದ ಮೂಲಕ ಬರುವ ಬಿಡಿಭಾಗ. ಸೇನೆ ನಿಜಕ್ಕೂ ಯಾವುದರ ಮೇಲೆ ಓಡುತ್ತದೆಂದು ಬಲ್ಲವರ ಕೈಬರಹ. ಆದರೆ ಇಲ್ಲಿನ ಕ್ರಿಯಾಪದಗಳು ಇನ್ನೂ ಬಡವು: ಕೋರುತ್ತದೆ, ಒತ್ತಾಯಿಸುತ್ತದೆ. ಅಪ್ಪಣೆ ಕೊಡುವ ದನಿ ಇದ್ದಾಗ ಮಂಡಳಿಯ ಬಳಿ ಪಟ್ಟಿ ಇರಲಿಲ್ಲ; ಪಟ್ಟಿ ಬರೆಯುವ ಹೊತ್ತಿಗೆ ದನಿ ಇರಲಿಲ್ಲ. 1994ರ ಮೇ 25ರಂದು, ಮಂಡೇಲಾ ಅಧ್ಯಕ್ಷರಾಗಿ ಎರಡು ವಾರ ಕಳೆದ ಮೇಲೆ, ನಿರ್ಬಂಧ ತೆರವಾಯಿತು. ಮೂರನೇ ಅಂಶದ ‘ಪರಿಶೀಲಿಸಿ’ ಅಂದಿಗೂ ಹಾಗೇ ಇತ್ತು.