ತಂಗಿಯ ವಂಶಾವಳಿ

ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪೂರ್ವಿಕರನ್ನು ಹುಡುಕಿಕೊಂಡು ಹೋದದ್ದು ೧೭೫೮ರಲ್ಲಿ. ಇಂಗ್ಲೆಂಡಿನ ಎಕ್ಟನ್ ಎಂಬ ಹಳ್ಳಿಯ ಚರ್ಚಿನಲ್ಲಿ ಹಳೆಯ ದಾಖಲೆ ಪುಸ್ತಕ ತೆಗೆಸಿ ಓದಿದ. ಗೋರಿಕಲ್ಲುಗಳ ಪಾಚಿ ಕೆರೆಸಿ ಹೆಸರುಗಳನ್ನು ಗುರುತು ಹಾಕಿಕೊಂಡ. ಹದಿಮೂರು ವರ್ಷಗಳ ಮೇಲೆ ಆತ್ಮಚರಿತ್ರೆ ಬರೆಯಲು ಕುಳಿತಾಗ ಈ ವಂಶಶೋಧನೆಯ ಕಥೆಗೇ ಮೊದಲ ಸ್ಥಾನ ಕೊಟ್ಟ. ತಾತ, ತಂದೆ, ದೊಡ್ಡಪ್ಪಂದಿರು ಎಲ್ಲರೂ ಅದರಲ್ಲಿ ಬಂದುಹೋಗುತ್ತಾರೆ. ಜೀವಮಾನವೆಲ್ಲ ಯಾರೊಡನೆ ಕಾಗದದ ಬಳಕೆ ಇಟ್ಟುಕೊಂಡಿದ್ದನೋ ಆ ತಂಗಿ ಜೇನಳ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಅಣ್ಣ ಬಿಟ್ಟುಹೋದ ಆ ಹೆಸರನ್ನು ಹಿಡಿದು ಹೊರಟವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕಿ ಜಿಲ್ ಲೆಪೋರ್. ಅವರ ಗ್ರಂಥ ‘ಬುಕ್ ಆಫ್ ಏಜಸ್’ ಪ್ರಕಟವಾದದ್ದು ೨೦೧೩ರಲ್ಲಿ. ‘ವಯಸ್ಸುಗಳ ಪುಸ್ತಕ’ ಎಂಬ ಈ ಹೆಸರು ಲೇಖಕಿಯದಲ್ಲ, ಜೇನಳದೇ. ಕಾಗದ ಮಡಿಸಿ ತಾನೇ ಹೊಲಿದುಕೊಂಡ ಹದಿನಾರು ಪುಟದ ಪುಟ್ಟ ಪುಸ್ತಕಕ್ಕೆ ಆಕೆ ಇಟ್ಟುಕೊಂಡ ಹೆಸರು ಅದು. ಮೊದಲು ತನ್ನ ಹುಟ್ಟು, ಆಮೇಲೆ ಮದುವೆ, ಆಮೇಲೆ ಮಕ್ಕಳು. ಬರೆದದ್ದು ಅಷ್ಟೇ.

ಆಕೆ ಹುಟ್ಟಿದ್ದು ೧೭೧೨ರಲ್ಲಿ, ಬಾಸ್ಟನ್ನಿನಲ್ಲಿ. ತಂದೆ ಸಾಬೂನು, ಮೇಣದಬತ್ತಿ ಮಾಡುವವನು. ಆತನ ಹದಿನೇಳು ಮಕ್ಕಳಲ್ಲಿ ಹೆಣ್ಣುಗಳ ಪೈಕಿ ಇವಳೇ ಕೊನೆಯವಳು. ಹದಿನೈದಕ್ಕೆ ಜೀನು ಹೊಲಿಯುವ ಎಡ್ವರ್ಡ್ ಮೆಕೋಮ್‌ನೊಡನೆ ಮದುವೆಯಾಯಿತು. ಅಣ್ಣ ಅದೇ ವರ್ಷ, ಚಹದ ಮೇಜು ಕಳುಹಿಸಲೇ ಎಂದು ಮೊದಲು ಯೋಚಿಸಿ, ಒಳ್ಳೆಯ ಗೃಹಿಣಿಗೆ ಅದಕ್ಕಿಂತ ಇದೇ ಸರಿಯೆಂದು ನೂಲುವ ರಾಟೆಯನ್ನು ಕಳುಹಿಸಿದ. ಗಂಡ ಸಾಲಗಾರ. ಹನ್ನೆರಡು ಮಕ್ಕಳಾದವು, ಹನ್ನೊಂದು ಇವಳ ಕಣ್ಣೆದುರಿಗೇ ಹೋದವು. ಚೊಚ್ಚಲ ಮಗು ಜೋಸಾಯ ಹುಟ್ಟಿದ್ದು ೧೭೨೯ರ ಜೂನಿನಲ್ಲಿ, ತೀರಿಕೊಂಡದ್ದು ಮರುವರ್ಷದ ಮೇ ತಿಂಗಳಿನಲ್ಲಿ. ವರ್ಷ ತುಂಬಲಿಲ್ಲ. ಇಬ್ಬರು ಗಂಡುಮಕ್ಕಳಿಗೆ ಬುದ್ಧಿ ಕೆಟ್ಟಿತು.

ಹೆಂಗಸಿನ ವಂಶ ಹುಡುಕುವವರಿಗೆ ಮೊದಲ ತೊಡಕು ಹೆಸರಿನದು. ಮದುವೆಯಾದೊಡನೆ ಅವಳ ಹೆಸರು ಬೇರೆ, ಅವಳ ಹೆಣ್ಣುಮಕ್ಕಳ ಹೆಸರು ಮತ್ತೂ ಬೇರೆ. ಕಾರ್ಲ್ ವಾನ್ ಡೋರೆನ್ ೧೯೫೦ರಲ್ಲಿ ಇವಳ ಚರಿತ್ರೆ ಬರೆದಾಗ ‘ಜೇನ್ ಮೆಕೋಮ್’ ಎಂದೇ ಕರೆದಿದ್ದರು. ಲೆಪೋರ್ ಮುಖಪುಟದಲ್ಲಿ ‘ಜೇನ್ ಫ್ರಾಂಕ್ಲಿನ್’ ಎಂದು ಹಾಕಿದ್ದಾರೆ. ಪುಟ್ಟ ಪುಸ್ತಕದಲ್ಲಿ ಆಕೆಯೇ ತನ್ನ ಹುಟ್ಟನ್ನು ಈ ಹೆಸರಿನಲ್ಲಿ ಬರೆದುಕೊಂಡಿದ್ದಾಳೆ, ನಿಜ. ಆದರೂ ನಮಗೊಂದು ಅನುಮಾನ: ತಂಗಿಯನ್ನು ಅಣ್ಣನ ನೆರಳಿನಿಂದ ಬಿಡಿಸಹೊರಟ ಪುಸ್ತಕ ಮಾರಾಟವಾಗುವುದು ಅಣ್ಣನ ಹೆಸರಿನಿಂದಲೇ ಅಲ್ಲವೆ? ಇದು ಲೇಖಕಿಯ ತಪ್ಪೆನ್ನಲಾಗದು. ಜೇನಳ ಕಾಗದಗಳು ಇಷ್ಟಾದರೂ ಉಳಿದದ್ದು ಆ ಅಣ್ಣನಿಗೆ ಬರೆದವು ಎಂಬ ಕಾರಣಕ್ಕೆ. ನೆರೆಮನೆಯ ಹೆಂಗಸಿಗೂ ಹನ್ನೆರಡು ಮಕ್ಕಳಿದ್ದಿರಬಹುದು. ಅವಳನ್ನು ಹುಡುಕಲು ದಾರಿಯೇ ಇಲ್ಲ.

ಆಧಾರ ಸಾಲದ ಕಡೆ ಲೆಪೋರ್ ಊಹೆಯ ಮೊರೆಹೋಗುತ್ತಾರೆ. ಆ ಕಾಲದಲ್ಲಿ ಹುಡುಗಿಯರಿಗೆ ಓದು ಕಲಿಸುತ್ತಿದ್ದರು, ಬರವಣಿಗೆ ಕಲಿಸುವುದು ಅಪರೂಪ. ಇವಳಿಗೆ ಬರೆಯಲು ಕಲಿಸಿದವನು ಬೆನ್ ಅಣ್ಣನೇ ಇರಬೇಕು ಎನ್ನುತ್ತಾರೆ. ಇರಬಹುದು. ಆದರೆ ಇಂಥ ‘ಇರಬೇಕು’ಗಳ ಮೇಲೆ ಇನ್ನಷ್ಟು ‘ಇರಬೇಕು’ಗಳು ಕೂಡಿಬಂದಾಗ ವಾಚಕ ಕೊಂಚ ಹಿಂಜರಿಯುತ್ತಾನೆ. ಹದಿನೆಂಟನೆಯ ಶತಮಾನದ ಕಾದಂಬರಿಗಳ ಬಗ್ಗೆ ನಡುನಡುವೆ ಬರುವ ಚರ್ಚೆಯೂ ಅಷ್ಟೆ. ಪಾಂಡಿತ್ಯ ದೊಡ್ಡದು, ಜೇನ್ ಮಾತ್ರ ಪುಟದಿಂದ ಎದ್ದುಹೋಗಿರುತ್ತಾಳೆ. ಪುಟ್ಟ ಪುಸ್ತಕದ ಒಂದೊಂದು ತಾರೀಖನ್ನೂ ಕಾಗದಗಳನ್ನೂ ಎದುರಿಗಿಟ್ಟುಕೊಂಡು ಬರೆದ ಅಧ್ಯಾಯಗಳಲ್ಲಿ ಈ ದೋಷವಿಲ್ಲ. ಅಲ್ಲಿ ಲೇಖಕಿ ಆಕೆಯ ಕಾಗುಣಿತದ ತಪ್ಪುಗಳನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ. ಇದು ಮೆಚ್ಚತಕ್ಕ ಮಾತು.

ಕಾಗದಗಳಲ್ಲಿ ಒಂದನ್ನು ಮರೆಯುವಂತಿಲ್ಲ. ೧೭೮೬ರಲ್ಲಿ, ಎಪ್ಪತ್ತನಾಲ್ಕರ ಮುದುಕಿ, ಇಂಗ್ಲೆಂಡಿನ ರಿಚರ್ಡ್ ಪ್ರೈಸ್ ಎಂಬ ವಿದ್ವಾಂಸನ ಪುಸ್ತಕ ಓದಿ ಅಣ್ಣನಿಗೆ ಬರೆಯುತ್ತಾಳೆ. ಅನುಕೂಲ ಒದಗದ ಒಂದೇ ಕಾರಣಕ್ಕೆ ಸಾವಿರಾರು ನ್ಯೂಟನ್ನರು ಬಡತನದಲ್ಲಿ, ಅಜ್ಞಾನದಲ್ಲಿ ಬಾಳಿ ಹೋಗಿರಬೇಕೆಂದು ಪ್ರೈಸ್ ಹೇಳಿದ್ದ. ಆ ಮಾತು ಆಕೆಗೆ ಹಿಡಿಸಿತು. ತನ್ನ ವಿಷಯ ಅಲ್ಲಿ ಎತ್ತಲಿಲ್ಲ.

ಆಕೆಯ ಚಿತ್ರ ಒಂದೂ ಇಲ್ಲ. ಮುಪ್ಪಿನಲ್ಲಿ ವಾಸವಾಗಿದ್ದ ಮನೆಯನ್ನು ೧೯೩೯ರಲ್ಲಿ, ಕ್ರಾಂತಿವೀರ ಪಾಲ್ ರಿವೀರನ ಸ್ಮಾರಕಕ್ಕೆ ಜಾಗ ಬೇಕೆಂದು ಕೆಡವಿದರು. ಪುಟ್ಟ ಪುಸ್ತಕವೊಂದು ಬಾಸ್ಟನ್ನಿನ ವಂಶಶೋಧನ ಸಂಘದಲ್ಲಿ ಉಳಿದಿದೆ. ಗ್ರಂಥದ ಕೊನೆಯ ಅನುಬಂಧಗಳನ್ನು ವಾಚಕರು ಬಿಟ್ಟುಬಿಡಬಾರದು. ಅಲ್ಲಿ ವಂಶವೃಕ್ಷಗಳು ಎರಡು: ಒಂದು ಫ್ರಾಂಕ್ಲಿನ್ನರದು, ಇನ್ನೊಂದು ಜೇನಳಿಂದ ಹೊರಟದ್ದು.