ಓಟಕ್ಕಿಂತ ಹಿಡಿತ ದೊಡ್ಡದು

ಕೃಷ್ಣೆಯ ದಡದಲ್ಲಿ ವಾಯಿ ಪಟ್ಟಣವಿದೆ. ಪ್ಲಾಸ್ಮಾದೊಳಗೆ ಎಲೆಕ್ಟ್ರಾನುಗಳನ್ನು ಓಡಿಸುವ ವಿದ್ಯೆಗೆ ಪ್ರಯೋಗದ ಬುನಾದಿ ಹಾಕಿದವರಲ್ಲಿ ಒಬ್ಬರಾದ ಚಂದ್ರಶೇಖರ ಜೋಶಿ ಹುಟ್ಟಿದ್ದು ಅಲ್ಲಿ. ಈ ವಿದ್ಯೆಯನ್ನು ಇಂದು ಯಾವ ಅಳತೆಯಿಂದ ತೂಗಬೇಕು?

ಮೂಲ ಕಲ್ಪನೆ 1979ರದು. ಭೌತವಿಜ್ಞಾನಿಗಳಾದ ತಜಿಮಾ ಮತ್ತು ಡಾಸನ್ ಅವರದು. ತೀವ್ರವಾದ ಲೇಸರ್ ಮಿಡಿತ ಪ್ಲಾಸ್ಮಾಕ್ಕೆ ನುಗ್ಗಿದರೆ ಹಗುರವಾದ ಎಲೆಕ್ಟ್ರಾನುಗಳು ಬದಿಗೆ ಸರಿಯುತ್ತವೆ, ಭಾರದ ಅಯಾನುಗಳು ಇದ್ದಲ್ಲೇ ಉಳಿಯುತ್ತವೆ. ಈ ಅಗಲಿಕೆಯಿಂದ ಹುಟ್ಟಿದ ವಿದ್ಯುತ್ ಅಲೆ, ದೋಣಿಯ ಹಿಂದೇಳುವ ಅಲೆಯಂತೆ, ಮಿಡಿತದ ಬೆನ್ನು ಹತ್ತುತ್ತದೆ. ಅದನ್ನೇರಿದ ಎಲೆಕ್ಟ್ರಾನು ವೇಗ ಪಡೆಯುತ್ತದೆ. ಸಾಂಪ್ರದಾಯಿಕ ವೇಗವರ್ಧಕ ಯಂತ್ರದ ಲೋಹದ ಕೋಶ ಒಂದು ಮಿತಿ ದಾಟಿದರೆ ಕಿಡಿ ಹಾರಿ ಕೆಡುತ್ತದೆ. ಪ್ಲಾಸ್ಮಾ ಮೊದಲೇ ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ವಸ್ತು. ಸಾವಿರ ಪಟ್ಟು ಪ್ರಬಲ ಕ್ಷೇತ್ರವನ್ನೂ ತಾಳುತ್ತದೆ.

ಲಾಸ್ ಏಂಜಲೀಸ್‌ನಲ್ಲಿ ಜೋಶಿಯವರ ತಂಡ 1993ರಲ್ಲಿ ಸುಮಾರು ಒಂದು ಸೆಂಟಿಮೀಟರಿನಲ್ಲೇ ಎಲೆಕ್ಟ್ರಾನುಗಳನ್ನು 2.1ರಿಂದ 9.1 ಎಂಇವಿಗೆ (ಒಂದು ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಏರಿಸಿತು. 2019ರಲ್ಲಿ ಬರ್ಕ್ಲಿಯ ಪ್ರಯೋಗಾಲಯ 20 ಸೆಂಟಿಮೀಟರಿನಲ್ಲಿ 7.8 ಜಿಇವಿ (ಒಂದು ಜಿಇವಿ ಎಂದರೆ ಸಾವಿರ ಎಂಇವಿ) ಮುಟ್ಟಿತು. ಬೆರಗಿನ ಅಂಕಿಗಳೇ ಸರಿ. ಆದರೆ ಇವನ್ನಷ್ಟೇ ಹಾಡಿ ಹೊಗಳುವುದನ್ನು ನಾನು ಒಪ್ಪಲಾರೆ. ಪ್ಲಾಸ್ಮಾದ ಕೊಳವೆ ಅಂಗೈಯಲ್ಲಿ ಹಿಡಿಸಿದರೂ ಅದನ್ನು ನಡೆಸುವ ಪೆಟಾವ್ಯಾಟ್ ಲೇಸರಿಗೆ ದೊಡ್ಡ ಕೋಣೆಯೇ ಬೇಕು. ಅದು ನುಂಗುವ ವಿದ್ಯುತ್ತಿನಲ್ಲಿ ಬೆಳಕಾಗುವುದು ಅತ್ಯಲ್ಪ. ಕಿರಣದ ಶಕ್ತಿಯೂ ಮಿಡಿತದಿಂದ ಮಿಡಿತಕ್ಕೆ ಏರುಪೇರಾಗುತ್ತದೆ.

ಹಾಗಾಗಿ 2004ರ ಸಾಧನೆಯೇ ನನಗೆ ಹೆಚ್ಚಿನದು. ಆ ವರ್ಷ ಮೂರು ತಂಡಗಳು ಚದುರಿದ ಶಕ್ತಿಯ ಎಲೆಕ್ಟ್ರಾನುಗಳ ಬದಲು, ಬಹುಪಾಲು ಒಂದೇ ಶಕ್ತಿಯ ಕಿರಣ ಪಡೆದವು. ಆ ಶಿಸ್ತು ಬೆಳೆದದ್ದರಿಂದಲೇ 2021ರಲ್ಲಿ ಶಾಂಘೈ ತಂಡಕ್ಕೆ ಇಂಥ ಕಿರಣದಿಂದ 27 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೆಳಕು ಹೊಮ್ಮಿಸಲು ಸಾಧ್ಯವಾಯಿತು.

ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಅವರು 15 ಮೈಕ್ರಾನಿನ ಮೆಥನಾಲ್ ಹನಿಯನ್ನು ಮೊದಲ ಮಿಡಿತದಿಂದ ಬಟ್ಟಲಿನಾಕಾರಕ್ಕೆ ತಿದ್ದಿ, ಎರಡನೆಯದರಿಂದ ಎಂಇವಿ ಮಟ್ಟದ ಎಲೆಕ್ಟ್ರಾನುಗಳನ್ನು ಹೊರಡಿಸಿದರು. ಸಾಮಾನ್ಯವಾಗಿ ಬೇಕಾಗುವುದರ ನೂರನೇ ಒಂದು ಪಾಲು ತೀವ್ರತೆ, ಸೆಕೆಂಡಿಗೆ ಸಾವಿರ ಮಿಡಿತ. ಎಲೆಕ್ಟ್ರಾನುಗಳ ಶಕ್ತಿ ಇಲ್ಲಿ ಚದುರಿಯೇ ಇದೆ, ಆ ಕೊರತೆ ಸಣ್ಣದಲ್ಲ. ಆದರೂ ವಿಶ್ವವಿದ್ಯಾಲಯವೊಂದು ಕೊಳ್ಳಬಹುದಾದ ಲೇಸರಿನಿಂದ ಕ್ಷ-ಕಿರಣ ಚಿತ್ರಣದಂಥ ಕೆಲಸಕ್ಕೆ ಇದು ದಾರಿ ತೆರೆಯುತ್ತದೆ.

ಗರಿಷ್ಠ ಶಕ್ತಿಯ ಪಕ್ಕದಲ್ಲೇ ಕಿರಣದ ಸ್ಥಿರತೆ, ಮಿಡಿತಗಳ ಸಂಖ್ಯೆ ಮತ್ತು ವಿದ್ಯುತ್ ಖರ್ಚನ್ನು ಪ್ರತಿ ತಂಡವೂ ಮುಂದಿಡಲಿ. ಆಸ್ಪತ್ರೆಗೆ ಬೇಕಾದದ್ದು ದಾಖಲೆ ಮುರಿದ ಒಂದು ಮಿಡಿತವಲ್ಲ, ನಾಳೆಯೂ ಇಂದಿನಂತೆಯೇ ಬರುವ ಕಿರಣ.